ಎದುರು ಮಾತಿನ ತಕ್ಕಡಿ

ರೇಡಿಯೊದಲ್ಲಿ ಒಬ್ಬರು ಸರ್ಕಾರವನ್ನು ಹತ್ತು ನಿಮಿಷ ಬೈದರೆ ಇನ್ನೊಬ್ಬರು ಹತ್ತು ನಿಮಿಷ ಅದರ ಪರ ವಹಿಸಲೇಬೇಕು ಎಂಬ ಕಾನೂನು ಬಂದು ಎರಡು ವರ್ಷವಾಗಿತ್ತು. ಹೊಗಳಿದರೂ ಅಷ್ಟೇ, ಬೈಯುವವರನ್ನು ಎಲ್ಲಿಂದಾದರೂ ಹುಡುಕಿ ತಂದು ಕೂರಿಸಬೇಕು. ಉಭಯಪಕ್ಷ ಪ್ರಸಾರ ಕಾಯ್ದೆ ಎಂದು ಅದರ ಹೆಸರು. ಕಾನೂನನ್ನು ಬರೆಯುವುದೇನೋ ಬರೆದರು. ಮಾತನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಆ ಕೆಲಸವನ್ನು ಒಂದು ಪೆಟ್ಟಿಗೆಯ ತಲೆಗೆ ಕಟ್ಟಿದರು.

ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಮುಂದುಗಡೆ ಒಂದು ಮುಳ್ಳು. ಅದರ ಒಂದು ಬದಿಗೆ ‘ಪರ’, ಇನ್ನೊಂದು ಬದಿಗೆ ‘ವಿರೋಧ’. ಮೇಲೆ ಎರಡು ದೀಪ. ಹರಟೆ, ಚರ್ಚೆ ನಡೆಸುವ ಪ್ರತಿಯೊಂದು ರೇಡಿಯೊ ಕೇಂದ್ರದಲ್ಲೂ ಅದನ್ನು ಮೈಕಿನ ತಂತಿಗೆ ಸೇರಿಸಿ ಸಮತೋಲ ಮಂಡಳಿಯವರು ಮೊಹರು ಹಾಕಿದ್ದರು. ಕಾರ್ಯಕ್ರಮ ಮುಗಿಯುವಾಗ ಮುಳ್ಳು ನಡುವೆ ನಿಂತಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಒಂದು ತಿಂಗಳಲ್ಲಿ ಮೂರು ಕೆಂಪು ಬಿದ್ದರೆ ಆ ಕಾರ್ಯಕ್ರಮ ಒಂದು ವರ್ಷ ಬಂದ್. ಜನ ಅದಕ್ಕೆ ತಕ್ಕಡಿ ಎಂದು ಹೆಸರಿಟ್ಟರು.

ಮೊದಮೊದಲು ಬಂದ ತಕ್ಕಡಿ ಶಬ್ದಗಳನ್ನು ಎಣಿಸುತ್ತಿತ್ತು. ಒಳ್ಳೆಯ ಶಬ್ದ ಬಂದರೆ ಪರ, ಕೆಟ್ಟ ಶಬ್ದ ಬಂದರೆ ವಿರೋಧ. ಧಾರವಾಡದ ಮಂದಿಯ ಮುಂದೆ ಅದರ ಆಟ ಒಂದು ವಾರವೂ ನಡೆಯಲಿಲ್ಲ. “ಏನ್ ಚಂದ ರಸ್ತಾ ಮಾಡ್ಯಾರ್ರೀ, ಅವರ ಹೊಟ್ಟಿ ತಣ್ಣಗಿರಲಿ! ನಮ್ಮ ನಗರಸಭಾದವರ ಕೈಗೆ ಬಂಗಾರದ ಕಡಗ ಹಾಕಬೇಕು ನೋಡ್ರಿ!” ಎಂದು ತೆಗ್ಗಿಗೆ ಬಿದ್ದು ಕಾಲು ಮುರಿದುಕೊಂಡವನೊಬ್ಬ ಫೋನಿನಲ್ಲಿ ಹರಸಿದಾಗ ಮುಳ್ಳು ‘ಪರ’ದ ತುದಿಗೆ ಹೋಗಿ ಅಂಟಿಕೊಂಡುಬಿಟ್ಟಿತು. ಊರೆಲ್ಲ ನಕ್ಕಿತು. ಮಂಡಳಿಯವರಿಗೆ ನಗು ಬರಲಿಲ್ಲ. ಶಬ್ದವನ್ನು ಬಿಟ್ಟು ದನಿಯನ್ನೇ ತೂಗುವ ಹೊಸ ಪೆಟ್ಟಿಗೆ ಬೇಕೆಂದು ಅವರು ಧ್ವನಿ ಸಂಶೋಧನಾ ಕೇಂದ್ರಕ್ಕೆ ಹೇಳಿದರು. ಆ ಕೆಲಸ ಅಲ್ಲಿ ಬಹಳ ವರ್ಷಗಳಿಂದ ನಡೆದೇ ಇತ್ತು. ಮನುಷ್ಯ ವ್ಯಂಗ್ಯ ಮಾಡಲಿ, ಒಗಟು ಹಾಕಲಿ, ಎದುರು ಹಾಕಿಕೊಳ್ಳುವಾಗ ದನಿ ಏರುವ ರೀತಿ, ಉಸಿರು ಎಳೆಯುವ ಜಾಗ, ಮಾತಿನ ಓಟ ಬೇರೆಯೇ ಇರುತ್ತದಂತೆ; ಅದನ್ನು ಹಿಡಿದರೆ ಸಾಕಂತೆ. ಹೊಸ ತಕ್ಕಡಿ ಜುಲೈ ಒಂದನೇ ತಾರೀಖಿಗೆ ಧಾರವಾಡದ ‘ನಗರದನಿ’ ಕೇಂದ್ರಕ್ಕೂ ಬಂತು. ಅದನ್ನು ಮಾಡಿದ ತಂಡದ ಮುಖ್ಯಸ್ಥ ಗುರುಪಾದ ಹಂಚಿನಮನಿ. ಅದರ ಎದುರು ಕೂತು ದಿನಾ ಹತ್ತು ಗಂಟೆಗೆ ‘ಹತ್ತರ ಹರಟೆ’ ನಡೆಸುತ್ತಿದ್ದವಳು ಅವನ ಹೆಂಡತಿ ಸುವರ್ಣಾ.

ಜುಲೈ ಹದಿನೈದು ಬರುವಷ್ಟರಲ್ಲಿ ಸುವರ್ಣಾಳ ಹರಟೆಗೆ ಎರಡು ಕೆಂಪು ಬಿದ್ದಿದ್ದವು. ಉಳಿದ ದಿನ ಫೋನು ಮಾಡಿದವರ ಮಾತೇ ಹೆಚ್ಚಾಗಿ ಮುಳ್ಳು ಹೇಗೋ ನಡುವೆ ನಿಂತಿತ್ತು.

ಎರಡನೆಯದು ಬಿದ್ದ ದಿನ ಅವಳು ಜಗಳದ ವಿಷಯ ಎತ್ತಿಯೇ ಇರಲಿಲ್ಲ. ಹೆದರಿಕೊಂಡು, ಗಂಟೆಯ ಬಹುಭಾಗ ಪೂರಕ ಪರೀಕ್ಷೆಯ ವೇಳಾಪಟ್ಟಿ ಓದಿದ್ದಳು, ಬಸ್ಸುಗಳ ಸಮಯ ಹೇಳಿದ್ದಳು, ಒಗ್ಗರಣೆಯ ಬಗ್ಗೆ ಇಬ್ಬರು ಹೆಂಗಸರ ಜೊತೆ ಮಾತಾಡಿದ್ದಳು. ಮುಳ್ಳು ವಿರೋಧದ ಬದಿ ಬಿಟ್ಟು ಅಲ್ಲಾಡಲಿಲ್ಲ.

“ಅಕ್ಕಾರ, ಇದು ನಿಮ್ಮ ಮಾತು ತೂಗವಲ್ದು, ನಿಮ್ಮನ್ನ ತೂಗಾಕತ್ತೈತಿ,” ಎಂದ ಇಮಾಮಸಾಬ. ಇಮಾಮಸಾಬ ನದಾಫ ಕೇಂದ್ರದ ತಂತ್ರಜ್ಞ. ಮೂವತ್ತು ವರ್ಷ ಧ್ವನಿಯ ಜೊತೆಗೇ ಬದುಕಿದವನು. ಕೆಮ್ಮು ಕೇಳಿಯೇ ಯಾರು ಬಂದರೆಂದು ಹೇಳುತ್ತಿದ್ದ.

“ಹುಚ್ಚರ ಹಂಗ ಮಾತಾಡಬ್ಯಾಡ್ರಿ ಇಮಾಮಸಾಬ್ರ. ವೇಳಾಪಟ್ಟಿ ಓದಿದ್ರ ವಿರೋಧ ಹ್ಯಾಂಗ ಆಗತೈತಿ?”

“ಬರ್ರಿ, ನೋಡೂಣು.”

ಪ್ರಸಾರ ಇಲ್ಲದ ಹೊತ್ತಿನಲ್ಲಿ ಅವಳನ್ನು ಮೈಕಿನ ಮುಂದೆ ಕೂರಿಸಿ, ಸರ್ಕಾರದ ಸಾಧನೆಯ ಜಾಹೀರಾತೊಂದನ್ನು ಕೈಗೆ ಕೊಟ್ಟ. ಅವಳು ಅಕ್ಷರ ಬಿಡದೆ ಓದಿದಳು. ಮುಳ್ಳು ವಿರೋಧಕ್ಕೆ ಹೋಯಿತು. ಅದೇ ಹಾಳೆಯನ್ನು ಕಾವಲುಗಾರನಿಂದ ಓದಿಸಿದ. ಮುಳ್ಳು ನಡುವೆಯೇ ತೂಕಡಿಸಿತು. ಕಸ ಗುಡಿಸುವ ಮಲ್ಲವ್ವನಿಗೆ ಓದು ಬಾರದು, ಅವಳಿಂದ ಮೊಮ್ಮಗಳ ಹೆಸರಿಡುವ ಕಾರ್ಯದ ಕಥೆ ಹೇಳಿಸಿದ. ಮಲ್ಲವ್ವ ಸುವರ್ಣಾಳ ಹಾಗೆಯೇ ಭರಭರ ಮಾತಿನವಳು. ಮುಳ್ಳು ವಿರೋಧದ ಕಡೆ ಅರ್ಧ ದಾರಿ ಹೋಗಿ ನಿಂತಿತು. ಮಲ್ಲವ್ವ ಗಾಬರಿಯಾಗಿ, “ನಾ ಯಾರನ್ನೂ ಬೈದಿಲ್ಲೋ ಯಪ್ಪಾ,” ಎಂದಳು.

ಸುವರ್ಣಾ ಆ ದಿನ ಮನೆಗೆ ಹೋಗಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗುರುಪಾದ ಷರ್ಟಿನ ತೋಳು ಮಡಚುತ್ತ ಕೇಳಿಸಿಕೊಂಡ. “ಪೆಟ್ಟಿಗಿ ಹೊಸಾದು. ನಾಕ ದಿನದಾಗ ಹೊಂದಿಕೋತೈತಿ ಬಿಡು,” ಎಂದ. ಅವಳು ನಂಬಿದಳು. ಗಂಡನ ಮಾತು ನಂಬದಿರಲು ಅವಳಿಗೆ ಅಂದಿನವರೆಗೆ ಕಾರಣವೇ ಇರಲಿಲ್ಲ.

ಈ ದಂಪತಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮದುವೆಯಾದ ಮೊದಲ ಹನ್ನೆರಡು ವರ್ಷ ಗುರುಪಾದ ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ಇದ್ದವನು. ಅವಳು ಬೆಳಿಗ್ಗೆ ಪೇಪರ್ ಹಿಡಿದು ಮಂತ್ರಿಯಿಂದ ಹಿಡಿದು ವಾರ್ಡಿನ ಸದಸ್ಯನವರೆಗೆ ಎಲ್ಲರ ಜನ್ಮ ಜಾಲಾಡುತ್ತಿದ್ದಳು. ಯಾವ ಪಕ್ಷದ ಸರ್ಕಾರ ಬಂದರೂ ಅವಳ ಕೈಯಿಂದ ತಪ್ಪಿಸಿಕೊಂಡಿದ್ದಿಲ್ಲ. ಅವನು “ಹ್ಞೂಂ” ಎಂದು ತಾಟು ತೊಳೆದಿಟ್ಟು ಹೋಗುತ್ತಿದ್ದ. ಗೋಡೆಯ ಜೊತೆ ಸಂಸಾರ ಮಾಡಿದ ಹಾಗೆ ಆಗಿತ್ತು ಅವಳಿಗೆ. ಒಂಬತ್ತು ವರ್ಷದ ಹಿಂದೆ ಒಂದು ಸೋಮವಾರ, ಅವಳು ಬಸ್ ದರದ ಬಗ್ಗೆ ಬೈಯುತ್ತಿದ್ದಾಗ, ಅವನು ಚಹಾದ ಕಪ್ಪು ಕೆಳಗಿಟ್ಟು, “ನನಗ ಹಂಗ ಅನಸೂದಿಲ್ಲ,” ಎಂದ. ಅವಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಅವನು ಡೀಸೆಲ್ಲು, ಸಂಬಳ, ಟೈರು ಎಂದು ಒಂದೊಂದಾಗಿ ಹೇಳಿದ. ಅವಳು ಒಂದೊಂದನ್ನೂ ಕಿತ್ತುಹಾಕಿದಳು. ಹಂಚಿನ ಮೇಲಿದ್ದ ದ್ವಾಸಿ ಸೀದುಹೋಯಿತು. ಇಬ್ಬರೂ ಕೆಲಸಕ್ಕೆ ತಡವಾದರು.

ಮರುದಿನವೂ ಅವನು ಎದುರಾಡಿದ. ಅದರ ಮರುದಿನವೂ. ಅವಳು ಏನೇ ಅನ್ನಲಿ, ಅವನು ಸರ್ಕಾರದ ವಕೀಲನ ಹಾಗೆ ಇನ್ನೊಂದು ಕಡೆ ನಿಲ್ಲುತ್ತಿದ್ದ, ಸೌಮ್ಯವಾಗಿ, ಅವಸರವಿಲ್ಲದೆ. ಅವಳಿಗೆ ಅಷ್ಟು ಸುಖ ಬೇರೆ ಯಾವುದರಿಂದಲೂ ಸಿಕ್ಕಿರಲಿಲ್ಲ. ರಾತ್ರಿ ಮಲಗುವಾಗಲೇ ನಾಳೆಯ ವಾದ ಜೋಡಿಸಿಕೊಳ್ಳುತ್ತಿದ್ದಳು. “ನಮ್ಮ ಮನ್ಯಾಗ ದಿನಾ ಮುಂಜಾನಿ ವಿಧಾನಸಭಾ ನಡೀತೈತಿ,” ಎಂದು ಗೆಳತಿಯರ ಮುಂದೆ ಹೇಳಿಕೊಂಡು ಮೆರೆಯುತ್ತಿದ್ದಳು. ಅವಳ ರೇಡಿಯೊ ಮಾತಿಗೆ ಒಂದು ಹದ ಬಂದದ್ದು ಆ ಅಡುಗೆಮನೆಯಲ್ಲೇ.

ಕಾಯ್ದೆ ಬರುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಅವಳು ಸಮಿತಿಯ ಮುಂದೆ ಹೋಗಿ ಅದರ ಪರ ಹೇಳಿಕೆ ಕೊಟ್ಟಿದ್ದಳು. ಅದಕ್ಕೂ ಕಾರಣವಿತ್ತು. ‘ನಗರದನಿ’ಗೆ ಬರುವ ಮೊದಲು ಅವಳಿದ್ದ ಕೇಂದ್ರದ ಮಾಲೀಕ ಚುನಾವಣೆಗೆ ನಿಂತು, ಮೂರು ತಿಂಗಳು ತನ್ನನ್ನು ಹೊಗಳುವವರ ಫೋನು ಮಾತ್ರ ಎತ್ತಿಸಿದ್ದ. ಅವಳು ಕೆಲಸ ಬಿಟ್ಟು ಬಂದಿದ್ದಳು. “ಒಂದ ಕಡೀ ಮಾತು ಕೇಳಿ ಕೇಳಿ ಮಂದಿ ಕಿವುಡಾಗತಾರ್ರಿ. ನಮ್ಮ ಮನ್ಯಾಗ ನೋಡ್ರಿ, ನಾ ಒಂದ ಹೇಳಿದ್ರ ನಮ್ಮ ಯಜಮಾನ್ರು ಇನ್ನೊಂದ ಹೇಳತಾರ. ಅದಕ್ಕ ನಾವಿಬ್ರೂ ಶಾಣ್ಯಾರಾಗೇವಿ. ಮನ್ಯಾಗ ಆಗೂದು ರೇಡಿಯೋದಾಗ ಯಾಕ ಆಗಬಾರದು?” ಎಂದು ಅವಳು ಹೇಳಿದಾಗ ಸಮಿತಿಯವರೆಲ್ಲ ನಕ್ಕು ತಲೆಯಾಡಿಸಿದ್ದರು. ಹಿಂದಿನ ಸಾಲಿನಲ್ಲಿ ಗುರುಪಾದ ಕೂತಿದ್ದ. ಅವನು ನಕ್ಕಿದ್ದನೇ ಇಲ್ಲವೇ ಎಂದು ಅವಳು ಆಗ ನೋಡಿರಲಿಲ್ಲ.

ಮೂರನೆಯ ಕೆಂಪು ಬಿದ್ದರೆ ಹರಟೆ ನಿಲ್ಲುತ್ತದೆ ಎಂದು, ಎರಡನೆಯದು ಬಿದ್ದಾಗಿನಿಂದ ಅವಳು ಮೈಕಿನ ಮುಂದೆ ಕೂರದೆ ಹತ್ತರ ಹೊತ್ತಿಗೆ ಬರೀ ಹಾಡು ಹಾಕಿಸುತ್ತಿದ್ದಳು. ಆ ಒಂದು ಗಂಟೆ ಬಿಟ್ಟರೆ ಅವಳಿಗೆ ತನ್ನದು ಎನ್ನುವಂಥದ್ದು ಬೇರೆ ಇರಲಿಲ್ಲ. ಗಂಡ ತನಗಾಗಿ ಮಂಡಳಿಯವರ ಮುಂದೆ ಬಾಯಿ ಬಿಡಲು ಮುಜುಗರ ಪಡುತ್ತಿರಬೇಕು ಎಂದುಕೊಂಡು, ಗುರುವಾರ ಮಧ್ಯಾಹ್ನ, ಅವನು ಬೆಳಗಾವಿಗೆ ಹೋಗಿದ್ದ ದಿನ, ಕೇಂದ್ರದ ದೂರಿನ ಪತ್ರ ಹಿಡಿದು ತಾನೇ ಸಂಶೋಧನಾ ಕೇಂದ್ರಕ್ಕೆ ಹೋದಳು.

ಅಲ್ಲಿ ವಿಭಾ ಎಂಬ ವಿಜ್ಞಾನಿ ಸಿಕ್ಕಳು. ಮೈಸೂರಿನ ಕಡೆಯವಳು, ಬಂದು ಆರು ತಿಂಗಳಾಗಿತ್ತು, ತನ್ನ ಕೆಲಸದ ಬಗ್ಗೆ ಬಹಳ ಹೆಮ್ಮೆ. ಬಂದವಳು ಯಾರ ಹೆಂಡತಿ ಎಂದು ಅವಳಿಗೆ ಗೊತ್ತಿರಲಿಲ್ಲ.

“ಯಂತ್ರ ತಪ್ಪು ಮಾಡೋ ಹಾಗೇ ಇಲ್ಲ ಮೇಡಂ,” ಎಂದಳು ವಿಭಾ. “ತೂಕಕ್ಕೆ ಒಂದು ಮೂಲ ಬಟ್ಟು ಬೇಕಲ್ವಾ, ಹಾಗೆ ನಮಗೂ ಮೂಲ ಧ್ವನಿಗಳು ಬೇಕಿತ್ತು. ಸ್ಟುಡಿಯೋಗೆ ಕರೆಸಿ ಮಾತಾಡಿ ಅಂದ್ರೆ ಜನ ನಾಟಕ ಮಾಡ್ತಾರೆ. ಸಹಜವಾಗಿ, ಒಂದೇ ಜಾಗದಲ್ಲಿ, ಒಂದೇ ವಿಷಯದ ಮೇಲೆ, ಇಬ್ಬರು ದಿನಾ ವಾದ ಮಾಡಬೇಕು, ಅದೂ ವರ್ಷಗಟ್ಟಲೆ. ಅಂಥದ್ದು ಪ್ರಪಂಚದಲ್ಲೇ ಸಿಗಲ್ಲ. ನಮ್ಮ ಸರ್ ಹತ್ರ ಇತ್ತು. ಎರಡು ಸಾವಿರದ ಏಳ್ನೂರು ಬೆಳಗು! ಕೇಳಿ ಬೇಕಾದ್ರೆ.”

ಅವಳು ಗುಂಡಿ ಒತ್ತಿದಳು. ಮೊದಲು ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಒಬ್ಬ ಹೆಂಗಸಿನ ದನಿ: “ಬಸ್ಸಿನ ದರ ಏರಸೂದಂದ್ರ ಬಡವರ ಹೊಟ್ಟಿ ಮ್ಯಾಲ ಹೊಡದಂಗರೀ...” ಆಮೇಲೆ ಕಪ್ಪು ಕೆಳಗಿಟ್ಟ ಸದ್ದು. “ನನಗ ಹಂಗ ಅನಸೂದಿಲ್ಲ.”

“ಇದು ಮೂಲ ಧ್ವನಿ ಒಂದು, ವಿರೋಧ. ಅದು ಮೂಲ ಧ್ವನಿ ಎರಡು, ಪರ,” ಎಂದಳು ವಿಭಾ. “ನಾಡಿನ ಎಲ್ಲ ಪೆಟ್ಟಿಗೆಗಳೂ ಇವರಿಬ್ಬರ ಮೇಲೇ ನಿಂತಿರೋದು. ಆ ಹೆಂಗಸಿನ ಥರ ದನಿ ಏರಿದ್ರೆ, ಆ ಥರ ಉಸಿರು ಎಳೆದ್ರೆ ವಿರೋಧ. ಎಷ್ಟು ಸ್ವಚ್ಛವಾದ ಮಾದರಿ ಗೊತ್ತಾ! ಸರ್ ಅದನ್ನ ಅಡುಗೆಮನೆ ಫ್ರಿಜ್ಜಿನ ಸ್ಟೆಬಿಲೈಜರ್ ಒಳಗೆ ಮೈಕ್ ಇಟ್ಟು...”

ವಿಭಾ ಮಾತು ನಿಲ್ಲಿಸಿದಳು. ಎದುರಿಗಿದ್ದವಳು ಬಂದಾಗ ಆಡಿದ ನಾಲ್ಕು ಮಾತು ಈಗ ವಿಭಾಳಿಗೆ ನೆನಪಾಗಿತ್ತು, ಅದೂ ಇದೇ ದನಿ. ಅವಳ ಮುಖ ಸಣ್ಣಗಾಯಿತು. ನೀರು ತರಲೇ ಎಂದು ಕೇಳಿದಳು. ಸುವರ್ಣಾ ಬೇಡವೆಂದು ಕೈಯಾಡಿಸಿ, ದೂರಿನ ಪತ್ರವನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಎದ್ದಳು.

ಆಟೊದಲ್ಲಿ ಕೂತಾಗ ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಆ ಅಡುಗೆಮನೆಯಲ್ಲಿ ಅವಳು ಬರೀ ರಾಜಕೀಯ ಮಾತಾಡಿದ್ದಳೇ? ಅವನು ತನ್ನ ಮಾತಿಗೆ ಸೋತಾಗ ಅವನ ಕೂದಲು ಕೆದರಿ ನಕ್ಕಿದ್ದಳು. ಅವ್ವ ತೀರಿಕೊಂಡ ವಾರ, ಆಸ್ಪತ್ರೆಯವರನ್ನು ಬೈಯುತ್ತ ಬೈಯುತ್ತ ಅತ್ತಿದ್ದಳು. ಅದೂ ಅಲ್ಲಿರಬೇಕು, ತಾರೀಖಿನ ಸಮೇತ. ಸಿಟ್ಟು ಬಂದದ್ದು ಮನೆಯ ಬಾಗಿಲು ತೆಗೆದ ಮೇಲೆ, ಆ ಚಹಾದ ಕಪ್ಪುಗಳನ್ನು ನೋಡಿದ ಮೇಲೆ.

ಸಂಜೆ ಗುರುಪಾದ ಚಪ್ಪಲಿ ಬಿಡುವುದರೊಳಗೇ ಕೇಳಿದಳು. “ಮೂಲ ಧ್ವನಿ ಒಂದು ಅಂದ್ರ ಯಾರ್ರೀ?”

ಅವನು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, “ನೀ ಸಹಿ ಮಾಡೀದಿ,” ಎಂದ.

“ಯಾವಾಗ?”

“ಗ್ಯಾಸಿನ ಕಾಗದ, ವಿಮಾ ಕಾಗದ ಎಲ್ಲಾ ಕೂಡಿ ಕೊಟ್ಟಿದ್ನೆಲ್ಲ, ಅವಾಗ. ಒಪ್ಪಿಗಿ ಪತ್ರ ಅದರಾಗ ಇತ್ತು.”

“ನೀವು ಕೊಟ್ಟ ಕಾಗದ ನಾ ಓದಿ ಸಹಿ ಮಾಡಬೇಕಾಗಿತ್ತೇನು?”

ಅವಳು ಇನ್ನೊಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. “ಮದಲನೇ ಕೆಂಪು ಬಿದ್ದಾಗ ನಿಮಗ ಕಾರಣ ಗೊತ್ತಿತ್ತು?”

“ಗೊತ್ತಿತ್ತು.”

“ಹೊಂದಿಕೋತೈತಿ ಅಂದ್ರಿ.”

“ತಪ್ಪಾತು ಅಂತ ಹೇಳಿದ್ರ ಒಂಬತ್ತ ವರ್ಷದ ಕೆಲಸ ಹೋಗತಿತ್ತು ಸುವರ್ಣಾ. ಇಡೀ ತಂಡದ್ದು. ಮಂದಿನ ಮಾತಾಡಸಬೇಕು, ಆರಿಸಬೇಕು, ಮತ್ತ ಮದಲಿಂದ ಶುರು ಮಾಡಬೇಕು. ಒಬ್ಬ ಹೆಣಮಗಳು, ಒಬ್ಬ ಗಣಮಗ, ಇಷ್ಟರ ಮ್ಯಾಲ ನಾಡಿನ ಮಾತು ತೂಗಬಾರದು ಅಂತ ನನಗ ಈಗ ತಿಳಿದೈತಿ. ಅವಾಗ ತಿಳೀಲಿಲ್ಲ. ನೀ ಭಾಳ ಚಲೋ ವಾದ ಮಾಡತಿದ್ದಿ.”

“ನೀವು?” ಎಂದಳು ಅವಳು. ಈ ಪ್ರಶ್ನೆಯನ್ನು ಮಧ್ಯಾಹ್ನದಿಂದ ನುಂಗಿಕೊಂಡಿದ್ದಳು. “ನೀವು ಆಡಿದ್ದರಾಗ ನಿಮ್ಮ ಮಾತು ಎಷ್ಟು? ಆ ಬಸ್ ದರ? ಆ ಸರ್ಕಾರಿ ಸಾಲೀ ಮುಚ್ಚೂದು? ಹತ್ತರಾಗ ಒಂದರ?”

ಗುರುಪಾದ ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ಹೇಳಿದ್ದರೆ ಆ ಮನೆಯಲ್ಲಿ ಏನಾದರೂ ಉಳಿಯುತ್ತಿತ್ತೇನೋ. ಅವನು ಪ್ರಾಮಾಣಿಕನಾಗಲು ಆರಿಸಿಕೊಂಡ ಹೊತ್ತು ಅದು. “ನನಗ ರಾಜಕೀಯದಾಗ ಮದಲಿಂದಲೂ ಮನಸಿಲ್ಲ,” ಎಂದ. “ಎದುರಿಗೆ ಒಬ್ರು ಬೇಕಾಗಿತ್ತು. ದನಿ ಪೂರ್ತಿ ಬರಬೇಕಂದ್ರ ಎದುರು ಮಾತು ಬೇಕು.”

ಅವಳು ಕೂತುಬಿಟ್ಟಳು. ಒಂಬತ್ತು ವರ್ಷ ಅವಳು ಇಲ್ಲದ ಮನುಷ್ಯನ ಜೊತೆ ಜಗಳವಾಡಿ, ಗೆದ್ದು, ಸೋತು, ನಕ್ಕು ಸಂಸಾರ ಮಾಡಿದ್ದಳು. ಅದಕ್ಕಿಂತ ಹಿಂದಿನ ಗೋಡೆಯೇ ವಾಸಿ ಎನಿಸಿತು. ಗೋಡೆ ಮೋಸ ಮಾಡಿರಲಿಲ್ಲ.

ಅವನು ಕುರ್ಚಿಯನ್ನು ಅವಳ ಕಡೆ ಸರಿಸಿದ. “ನಿನ್ನ ಹರಟಿ ಉಳಸಾಕ ಒಂದ ದಾರಿ ಐತಿ. ಸೋಮವಾರ ನಾ ಬಂದು ನಿನ್ನ ಜೋಡಿ ಕೂಡ್ರತೇನಿ. ನಿನಗ ಸರಿಸಮ ಆಗೂ ದನಿ ನಂದೊಂದ. ನಾ ಏನ ಮಾತಾಡಿದ್ರೂ ಮುಳ್ಳು ನಡಕ್ಕ ಬರತೈತಿ.”

“ಏನ ಮಾತಾಡಿದ್ರೂ?”

“ಏನ ಮಾತಾಡಿದ್ರೂ.”

“ಬರ್ರಿ,” ಎಂದಳು.

ಸೋಮವಾರ ಹತ್ತು ಗಂಟೆಗೆ ಇಬ್ಬರೂ ಎದುರುಬದುರು ಕೂತರು. ಗಾಜಿನ ಆಚೆ ಇಮಾಮಸಾಬ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೈ ಎತ್ತಿದ. ಗುರುಪಾದ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಯ್ದೆಯ ಲಾಭಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ.

“ನಮಸ್ಕಾರ್ರಿ ಎಲ್ಲಾರಿಗೂ. ರೇಡಿಯೋದಾಗ ಎರಡೂ ಕಡೀ ಮಾತು ಬರಬೇಕಂತ ಸರ್ಕಾರ ಕಾನೂನು ಮಾಡೇತಲ್ಲ, ಅದು ಬೇಕೋ ಬ್ಯಾಡೋ, ಇವತ್ತ ಅದರ ಹರಟಿ,” ಎಂದು ಸುವರ್ಣಾ ಶುರುಮಾಡಿದಳು. ಮುಳ್ಳು ಆಗಲೇ ವಿರೋಧದ ಕಡೆ ಹೊರಟಿತ್ತು. “ಬೇಕು ಅಂತ ಸಮಿತಿ ಮುಂದ ಹೇಳಿದಾಕಿ ನಾನ. ಮಾಲಕ ಹೇಳಿದವರ ಫೋನ ಅಷ್ಟ ಎತ್ತಿ ನನಗ ಸಾಕಾಗಿತ್ತು. ಈಗ ಏನಾಗೇತಿ ಕೇಳ್ರಿ. ಎರಡು ಕಡೀ ಯಾವುವು ಅಂತ ಸರ್ಕಾರ ಒಂದ ಪೆಟ್ಟಿಗಿಗೆ ಕೇಳೇತಿ. ಆ ಪೆಟ್ಟಿಗಿ ನನ್ನ ಅಡಗಿಮನೀಗೆ ಕೇಳೇತಿ.”

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಸ್ಟೆಬಿಲೈಜರು, ಗ್ಯಾಸಿನ ಕಾಗದ, ಎರಡು ಸಾವಿರದ ಏಳುನೂರು ಬೆಳಗು, ತನ್ನ ಹಾಗೆ ಮಾತಾಡಿದ ತಪ್ಪಿಗೆ ವಿರೋಧಿಯಾದ ಮಲ್ಲವ್ವ. ಇಪ್ಪತ್ತೈದು ನಿಮಿಷ ಮಾತಾಡಿದಳು. ಮುಳ್ಳು ತುದಿ ಮುಟ್ಟಿತ್ತು. ಗುರುಪಾದ ತನ್ನ ಹಾಳೆಯನ್ನೇ ನೋಡುತ್ತಿದ್ದ, ಓದುತ್ತಿರಲಿಲ್ಲ.

“ಈಗ ಎದುರು ಕಡೀ ಮಾತು. ಪೆಟ್ಟಿಗಿ ಮಾಡಿದ ಗುರುಪಾದ ಹಂಚಿನಮನಿ ಅವರು ಇಲ್ಲೇ ಅದಾರ. ನಮ್ಮ ಯಜಮಾನ್ರು. ನಾ ಹೇಳಿದ್ದು ಖರೇನೋ ಸುಳ್ಳೋ, ಅಷ್ಟ ಹೇಳ್ರಿ.”

ಸುಳ್ಳು ಎಂದರೆ ಪೆಟ್ಟಿಗೆ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಹಾಳೆ ಓದಿದರೂ ನಡೆಯುತ್ತಿತ್ತು. ಅವನು ಹಾಳೆಯನ್ನು ಪಕ್ಕಕ್ಕಿಟ್ಟ.

“ಖರೆ,” ಎಂದ. ಮುಳ್ಳು ಒಂದು ಕೂದಲೆಳೆಯಷ್ಟು ‘ಪರ’ದ ಕಡೆ ಬಂತು. “ಆಕಿ ಹೇಳಿದ್ದು ಎಲ್ಲಾ ಖರೆ ಐತಿ. ಆಕಿನ್ನ ಕೇಳದ ಆಕಿ ದನಿ ತಗೊಂಡೆ.” ಮುಳ್ಳು ಇನ್ನಷ್ಟು ಸರಿಯಿತು. ಅವನು ನಿಲ್ಲಿಸುವಂತಿರಲಿಲ್ಲ, ಇಪ್ಪತ್ತೈದು ನಿಮಿಷ ತುಂಬಬೇಕಿತ್ತು. ಪೆಟ್ಟಿಗೆಯ ತಪ್ಪು ಎಲ್ಲಿದೆ ಎಂದು ಒಂದೊಂದಾಗಿ ಬಿಡಿಸಿ ಹೇಳಿದ. ಭರಭರ ಮಾತಾಡುವ ಹೆಂಗಸರ ಕಾರ್ಯಕ್ರಮಗಳು ಎಷ್ಟು ಊರುಗಳಲ್ಲಿ ಬಂದ್ ಆಗುವ ಹಂತಕ್ಕೆ ಬಂದಿವೆ ಎಂದೂ ಹೇಳಿದ. ಅದು ಸುವರ್ಣಾಳಿಗೂ ಗೊತ್ತಿರಲಿಲ್ಲ. ಸೌಮ್ಯವಾಗಿ, ಅವಸರವಿಲ್ಲದೆ ಅವನು ತನ್ನ ಕೆಲಸವನ್ನು ತಾನೇ ಬಿಚ್ಚಿಹಾಕುತ್ತಿದ್ದರೆ, ಪೆಟ್ಟಿಗೆ ಅದನ್ನೆಲ್ಲ ಸರ್ಕಾರದ ಪರ ಎಂದು ಬರೆದುಕೊಳ್ಳುತ್ತ ಹೋಯಿತು.

ಕೊನೆಗೆ ಒಂದೇ ಫೋನಿಗೆ ಹೊತ್ತಿತ್ತು. “ಅಲ್ರೀ, ಇಬ್ರೂ ಒಂದ ಮಾತು ಹೇಳಿದ್ರಿ. ಇದರಾಗ ಎದುರು ಯಾವ್ದು?” ಎಂದು ಕೇಳಿದ ಹಳಿಯಾಳ ರಸ್ತೆಯ ಅಜ್ಜ. ಇಮಾಮಸಾಬ ಗಾಜಿನಾಚೆಯಿಂದ ಬೆರಳು ತೋರಿಸಿದ. ಮುಳ್ಳು ನಟ್ಟನಡುವೆ ನಿಂತಿತ್ತು. ಹನ್ನೊಂದಕ್ಕೆ ಹಸಿರು ದೀಪ ಹತ್ತಿತು.

ಮಂಡಳಿ ವಿಚಾರಣೆ ಮಾಡುತ್ತೇವೆ ಎಂದಿತು, ಮಾಡಲಿಲ್ಲ. ಯಂತ್ರದ ದಾಖಲೆಯಲ್ಲಿ ತಪ್ಪಿಲ್ಲವಂತೆ. ಮುಂದಿನ ತಿಂಗಳು ನಾಡಿನಲ್ಲೇ ಅತಿ ಹೆಚ್ಚು ಸಮತೋಲ ಕಾಯ್ದುಕೊಂಡ ಕಾರ್ಯಕ್ರಮ ‘ಹತ್ತರ ಹರಟೆ’ಯಂತೆ. ಗುರುಪಾದನನ್ನು ಬೇರೆ ವಿಭಾಗಕ್ಕೆ ಹಾಕಿದರು. ಸುವರ್ಣಾಳ ಗಂಟೆ ಉಳಿಯಿತು. ದಿನಾ ಕೊನೆಯ ಇಪ್ಪತ್ತು ನಿಮಿಷ ಅವನು ಬಂದು ಕೂತು ರಾಗಿಯ ಬಗ್ಗೆಯೋ ರಜೆಯ ಬಗ್ಗೆಯೋ ಮಾತಾಡಿ ಹೋಗುತ್ತಿದ್ದ, ಮುಳ್ಳು ನಡುವೆ ಬರುತ್ತಿತ್ತು. ಸ್ಟುಡಿಯೋದಲ್ಲಿ ಅವಳು ಅವನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದಳು.

ಆ ಸೋಮವಾರದ ಮರುದಿನ ಬೆಳಿಗ್ಗೆ ಅವಳು ಪೇಪರ್ ತೆಗೆಯದೆ ಚಹಾ ಇಟ್ಟಳು. ಗುರುಪಾದನೇ ಪೇಪರ್ ಬಿಡಿಸಿದ. ಈಗ ಯಾವ ಮೈಕೂ ಇಲ್ಲ, ಅವನೇ ಕಿತ್ತು ಅವಳ ಕೈಗೆ ಕೊಟ್ಟಿದ್ದ. ಕುಡಿಯುವ ನೀರಿನ ಹೊಸ ಕರದ ಸುದ್ದಿ ಮೊದಲ ಪುಟದಲ್ಲಿತ್ತು. ಅವನು ಅದನ್ನು ಎರಡು ಸಲ ಓದಿದ. ತನಗೇ ಹೊಸದೆನಿಸುವಂಥ ದನಿಯಲ್ಲಿ, “ಈ ಕರ ಹಾಕಿದ್ದು ಸರಿ ಐತಿ ಅನಸತೈತಿ ನನಗ. ಖರೇನ ಅನಸತೈತಿ ಸುವರ್ಣಾ,” ಎಂದು ಅವಳ ಮುಖ ನೋಡಿದ.

ಆ ಕರದ ಬಗ್ಗೆ ಅವಳ ಬಳಿ ಏಳು ಮಾತಿದ್ದವು, ಒಂದಕ್ಕಿಂತ ಒಂದು ಹರಿತ. ಅವಳು ಅವನ ಮುಂದೆ ಕಪ್ಪು ಇಟ್ಟಳು.

“ಹೌದ್ರಿ,” ಎಂದಳು. “ನೀವನ್ನೂದು ಖರೆ.”

ಅವನು ಕಾದ. ಅವಳು ಒಲೆಯ ಕಡೆ ತಿರುಗಿ ದ್ವಾಸಿ ಹುಯ್ದಳು. ಆ ದಿನದಿಂದ ಈ ದಿನದವರೆಗೆ ಮನೆಯಲ್ಲಿ ಅವನು ಆಡಿದ ಯಾವ ಮಾತಿಗೂ ಅವಳು ಎದುರು ಹೇಳಿಲ್ಲ.